ಸ್ಯಾನ್ ರಮೋನಿನ ಸ್ನೋ ಬ್ಲೋವರು

ನನ್ನ ಸೋದರಮಾವ ಗರಾಜಿನಿಂದ ಹೊರಬಂದಾಗಲೆಲ್ಲ ಶರ್ಟಿನ ಜೇಬು ತಟ್ಟಿ ನೋಡಿಕೊಳ್ಳುತ್ತಿದ್ದರು. ಅದರಲ್ಲಿರುತ್ತಿದ್ದದ್ದು ಕಾರಿನ ಕೀ ಅಲ್ಲ, ಸ್ನೋ ಬ್ಲೋವರಿನ ಕೀ. ಡಾಟ್‌ಕಾಂ ಕೆಲಸ ಸಿಕ್ಕಿ, ಬಫಲೋದ ಹಿಮ ಬಿಟ್ಟು ಹಿಮವೇ ಬೀಳದ ಸ್ಯಾನ್ ರಮೋನಿಗೆ ಬರುವಾಗ, ಹಿಂದಿನಿಂದ ತಳ್ಳಿಕೊಂಡು ಹಿಮ ತೆಗೆಯುವ ಆ ಯಂತ್ರವನ್ನೂ ಟ್ರಕ್ಕಿಗೆ ಏರಿಸಿದ್ದರು. ಅದು ಬಂದ ಮೇಲೆ ಆ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇತ್ತು. ಅವರ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದ ನನಗೆ ಟೀವಿ ಬೇಕಾಗಲಿಲ್ಲ.

ಗರಾಜಿನಲ್ಲಿ ಜಾಗವಿಲ್ಲದೆ ಅತ್ತೆಯ ಕಾರು ಬಿಸಿಲಲ್ಲಿ ನಿಲ್ಲುತ್ತಿತ್ತು. ಕೊನೆಗೆ ಅತ್ತೆ ಗಡುವು ಕೊಟ್ಟರು: "ಈ ಚಳಿಗಾಲದಲ್ಲಿ ಇದು ಒಂದೇ ಒಂದು ಕೆಲಸ ಮಾಡ್ಲಿಲ್ಲ ಅಂದ್ರೆ, ಯುಗಾದಿಗೆ ಇಂಟರ್ನೆಟ್ಟಲ್ಲಿ ಮಾರಿಬಿಡ್ತೀನಿ."

ಗುಲಾಬಿಗೆ ಹೊದಿಕೆ

ಗರಾಜಿನೊಳಗೆ ಎಂಜಿನ್ ಶುರು ಮಾಡಬಾರದು, ಹೊಗೆ ತುಂಬಿದರೆ ಪ್ರಾಣಕ್ಕೇ ಅಪಾಯ ಎಂದು ಮಾವನ ಕಟ್ಟುನಿಟ್ಟು. ಹಾಗಾಗಿ ಆಯಿಲ್ ಬದಲಾಯಿಸಿದ ದಿನ ಉರಿಬಿಸಿಲಿನಲ್ಲಿ ಡ್ರೈವ್‌ವೇಗೆ ತಂದು ಓಡಿಸಿ ನೋಡಿದರು. ಪಕ್ಕದ ಮನೆಯ ಅಮೆರಿಕನ್ ಅಜ್ಜ ಬೇಲಿ ಬಳಿ ಬಂದು, ಹವಾಮಾನದ ಸುದ್ದಿ ಏನಾದರೂ ಗೊತ್ತಾಯಿತೇ ಎಂದು ವಿಚಾರಿಸಿದರು. ಯಾವಾಗಲೂ ಸಿದ್ಧವಾಗಿರಬೇಕು ಎಂದಷ್ಟೇ ಮಾವ ಗಂಭೀರವಾಗಿ ಹೇಳಿದರು. ಮರುದಿನ ನೋಡಿದರೆ ಅಜ್ಜನ ಗುಲಾಬಿ ಗಿಡಗಳೆಲ್ಲ ಬೆಡ್‌ಶೀಟ್ ಹೊದ್ದು ನಿಂತಿದ್ದವು.

ಮುದ್ದೆ ಕೋಲು

ಹಿಮ ಉಗುಳುವ ಕೊಳವೆ ಕಟ್ಟಿಕೊಂಡರೆ ಕೈ ಹಾಕಕೂಡದು. ಎಂಜಿನ್ ಆರಿಸಿ, ಕೀ ತೆಗೆದು, ಒಳಗೆ ತಿರುಗುವುದೆಲ್ಲ ಪೂರ್ತಿ ನಿಂತ ಮೇಲೆ ಕೋಲಿನಿಂದ ತಿವಿಯಬೇಕು. ಇದನ್ನು ನನಗೆ ಕಲಿಸಲು ಮಾವ ಕೊಳವೆಗೆ ಒಣಗಿದ ಎಲೆ ತುರುಕಿದರು. ತಿವಿಯಲು ತಂದದ್ದು ಅತ್ತೆಯ ಮುದ್ದೆ ಕೋಲು.

ಆ ರಾತ್ರಿಯ ಮುದ್ದೆಗೆ ಗ್ರೀಸಿನ ವಾಸನೆ. ಮಾವ ಎಂದೂ ಇಲ್ಲದ ಹಾಗೆ ಸಾರನ್ನು ಹೊಗಳಿದರು. ಅಂದಿನಿಂದ ಅತ್ತೆ ಕೋಲನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರು. ಎಲ್ಲಿಗೆ ಹೊರಟರೂ ಜೊತೆಗೇ ಒಯ್ಯುತ್ತಿದ್ದರು.

ತಾಹೋದ ಬೆಳಗು

ಫೆಬ್ರವರಿಯಲ್ಲಿ ಮೂರು ಕುಟುಂಬ ಸೇರಿ ಲೇಕ್ ತಾಹೋದಲ್ಲಿ ಕ್ಯಾಬಿನ್ ಹಿಡಿದೆವು. ಮಾವ ಯಂತ್ರವನ್ನೂ ಪಿಕಪ್ಪಿನಲ್ಲಿ ಹೇರಿಕೊಂಡು ಬಂದರು. ಅದಕ್ಕೂ ಒಂದು ರೂಮು ಬೇಕಾ ಸಾರ್ ಎಂದು ಗೆಳೆಯರು ದಾರಿಯುದ್ದಕ್ಕೂ ಕಾಲೆಳೆದರು.

ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಬಿದ್ದ ಹಿಮದಡಿ ಕಾರುಗಳೇ ಕಾಣಿಸುತ್ತಿಲ್ಲ. ಮರುದಿನ ಎಲ್ಲರಿಗೂ ಆಫೀಸು. ಮಾವ ಕೀ ಹಾಕಿ ಹಗ್ಗ ಎಳೆದರು. ಮೊದಲ ಎಳೆತಕ್ಕೇ ಎಂಜಿನ್ ಗುಡುಗಿತು, ಕಾಲೆಳೆದವರೇ ಚಪ್ಪಾಳೆ ತಟ್ಟಿದರು.

ಡ್ರೈವ್‌ವೇ ಅರ್ಧ ಮುಗಿಯುವಷ್ಟರಲ್ಲಿ ಕೊಳವೆ ಕಟ್ಟಿಕೊಂಡಿತು. ಗೆಳೆಯರೊಬ್ಬರು ಗ್ಲೌಸು ಏರಿಸಿ ಬಗ್ಗಿದರು. ಪಕ್ಕದ ಕ್ಯೂಬಿಕಲ್ಲಿಗೂ ಇಮೇಲಿನಲ್ಲೇ ಗುಡ್ ಮಾರ್ನಿಂಗ್ ಹೇಳುವ ನಾನು ಮೆಟ್ಟಿಲ ಮೇಲಿಂದ ಕೂಗಿದೆ: "ಅಂಕಲ್, ಕೈ ಹಾಕ್ಬೇಡಿ! ಮಾವ, ಮೊದ್ಲು ಕೀ ತೆಗೀರಿ!"

ಎಂಜಿನ್‌ಗಿಂತ ಮೊದಲು ಅಂಕಲ್ ಆಫ್ ಆದರು. ಮಾವ ಕೀ ತೆಗೆದು ಜೇಬು ತಟ್ಟಿಕೊಂಡರು. ಈಗ ಕೋಲು? ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ಒಳಗೆ ಹೋಗಿ ಮುದ್ದೆ ಕೋಲು ತಂದು, ತಾವೇ ತಿವಿದು, ಒಂದೇ ಸಲಕ್ಕೆ ಕೊಳವೆ ಬಿಡಿಸಿದರು. ಆಮೇಲೆ ಕೋಲನ್ನು ಮಾವನ ಕೈಗೆ ಕೊಟ್ಟು, ಈ ಯಂತ್ರವನ್ನು ಹೇಗೆ ತಳ್ಳುವುದು ತೋರಿಸಿ, ಒಂದೇ ನಿಮಿಷ, ಎಂದರು.

ನಮ್ಮ ಡ್ರೈವ್‌ವೇ ಮುಗಿಯಿತು. ಪಕ್ಕದ ಕ್ಯಾಬಿನ್ನಿನದೂ ಮುಗಿಯಿತು. ಅತ್ತೆ ಯಂತ್ರವನ್ನು ಎದುರು ಮನೆಯತ್ತ ತಿರುಗಿಸಿದರು. ಮುದ್ದೆ ಕೋಲು ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದ ಮಾವ ಅಂಗಲಾಚುತ್ತಿದ್ದರು: "ಲೇ, ನಂಗೂ ಸ್ವಲ್ಪ ಕೊಡೇ..."