ವಿಮಾನ ಶಾಲೆಗೆ ಒಂದು ಸೀಟಿ

ನಾನಿದ್ದ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಮಾಡುವುದಲ್ಲ, ಅದಾಗಿಯೇ ಆಗುವುದು. ಮೂವತ್ತು ವರ್ಷ ಬ್ರಹ್ಮಾವರ, ಕುಂದಾಪುರ, ಬೈಂದೂರು ಲೈನಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ನಮ್ಮ ಬಸ್ಸುಗಳಲ್ಲಿ ಗಂಟೆ ಇಲ್ಲ, ಸೀಟಿ. ಒಂದು ಊದಿದರೆ ಡ್ರೈವರ್ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಎರಡು ಸೀಟಿಯಲ್ಲಿ ನನ್ನನ್ನು ಮೀರಿಸುವ ಕಂಡಕ್ಟರ್ ಆ ಲೈನಿನಲ್ಲೇ ಇರಲಿಲ್ಲ. ಒಂದು ಸೀಟಿ ಮಾತ್ರ ಯಾವಾಗಲೂ ತಡ. ಯಾರ ಹತ್ತಿರವೋ ಮಾತಿಗೆ ನಿಂತಿರುತ್ತಿದ್ದೆ, ಇಳಿಯುವವರು ಬೊಬ್ಬೆ ಹೊಡೆದ ಮೇಲೆ ಸೀಟಿಯ ನೆನಪಾಗುತ್ತಿತ್ತು. ತ್ರಾಸಿಯಲ್ಲಿ ಇಳಿಯಬೇಕಾದ ಒಬ್ಬ ಮೀನು ಮಾರುವ ಹೆಂಗಸಿಗಂತೂ ಖಾಲಿ ಬುಟ್ಟಿ ಸಮೇತ ಎಷ್ಟು ಸಲ ಮರವಂತೆ ತೋರಿಸಿದ್ದೇನೋ, ಆಕೆಯನ್ನೇ ಕೇಳಬೇಕು.

ಮಂಡಿ ಕೈಕೊಟ್ಟ ಮೇಲೆ ಬಸ್ಸು ಬಿಟ್ಟೆ. ಇನ್ನು ಇಂಥದ್ದೆಲ್ಲ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ತ್ರಾಸಿಯಿಂದ ಸ್ವಲ್ಪ ಒಳಗೆ, ಗುಡ್ಡದ ಮೇಲೆ, ವಿಮಾನ ಓಡಿಸಲು ಕಲಿಸುವ ಶಾಲೆಯೊಂದು ಶುರುವಾಯಿತು. ಯಾವ ಕಾಲದಲ್ಲೋ ಯಾರೋ ಡಾಮರು ಹಾಕಿ ಬಿಟ್ಟುಹೋಗಿದ್ದ ಉದ್ದನೆಯ ಪಟ್ಟಿ ಅಲ್ಲಿತ್ತು. ಅದೇ ರನ್‌ವೇ. ಒಂದು ಶೆಡ್ಡು, ಎರಡು ಸೀಟಿನ ಒಂದು ವಿಮಾನ, ಕಲಿಸಲು ಒಬ್ಬ ಕ್ಯಾಪ್ಟನ್, ಕಲಿಯಲು ಐದಾರು ಮಂದಿ. ವಿಮಾನ ಏರಿದ, ಇಳಿದ ಹೊತ್ತು ಬರೆದಿಡಲು ಜನ ಬೇಕಿತ್ತು. ಅದು ನನಗೆ ಸಿಕ್ಕಿತು.

ಡ್ರೈವರಿನ ಕಷ್ಟ

ಕ್ಯಾಪ್ಟನ್ ಉತ್ತರದ ಕಡೆಯವರು, ಸೈನ್ಯದಲ್ಲಿ ವಿಮಾನ ಓಡಿಸಿ ನಿವೃತ್ತರಾದವರು. ಅವರಿಗೆ ಹಿಂದಿ. ಹುಡುಗನಾಗಿದ್ದಾಗ ಎರಡು ವರ್ಷ ಮುಂಬಯಿ ಹೋಟೆಲಿನಲ್ಲಿ ಇದ್ದದ್ದರಿಂದ ನನಗೂ ಹಿಂದಿ ಬರುತ್ತದೆ, ತಿಂಡಿಯ ಹೆಸರುಗಳಾಚೆಯೂ ಸ್ವಲ್ಪ.

ಮೊದಲ ದಿನ ಇಂಜಿನ್ ಶುರುವಾಯಿತು. ನನ್ನ ಕೈ ಎಲ್ಲಿ ಸುಮ್ಮನಿರುತ್ತದೆ? ಹಿಂದಿನಿಂದ ಹೋಗಿ ವಿಮಾನದ ಮೈಗೆ ಎರಡು ಪೆಟ್ಟು ತಟ್ಟಿ, ಎರಡು ಸೀಟಿ ಊದಿ, "ಹೋಯ್, ರೈಟ್!" ಅಂದೆ. ಕ್ಯಾಪ್ಟನ್ ತಕ್ಷಣ ಇಂಜಿನ್ ಆರಿಸಿ ಹಾರಿ ಇಳಿದರು. ಎಲ್ಲಿ ಏನು ಕಳಚಿಬಿತ್ತು ಎಂದು ಸುತ್ತಲೂ ಬಗ್ಗಿ ನೋಡಿದರು. ಏನೂ ಕಳಚಿಲ್ಲ, ಇದು ನಮ್ಮ ಪದ್ಧತಿ ಎಂದು ವಿವರಿಸಿದೆ. ಅವರು ನನ್ನ ಸೀಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೇಳಿದರು:

"ಎರಡು ಸೀಟಿ ಹೊಡೆದರೆ ಹೊರಡುವುದು. ಒಂದು ಹೊಡೆದರೆ?"

"ನಿಲ್ಲಿಸುವುದು ಸಾರ್."

"ನಾನು ಆಕಾಶದಲ್ಲಿರುವಾಗ ನೀನು ಒಂದು ಹೊಡೆದರೆ ಎಲ್ಲಿ ನಿಲ್ಲಿಸಲಿ?"

"ಅದು ಡ್ರೈವರಿನ ಕಷ್ಟ ಸಾರ್, ಕಂಡಕ್ಟರಿನದ್ದಲ್ಲ."

ಹವಾಮಾನ ಇಲಾಖೆ

ಆ ಡಾಮರು ಪಟ್ಟಿಯ ಮೇಲೆ ತ್ರಾಸಿಯ ಹೆಂಗಸರು ಎಷ್ಟೋ ವರ್ಷದಿಂದ ಮೀನು ಒಣಗಿಸುತ್ತಿದ್ದರು. ಅಷ್ಟು ಚೆಂದದ ಸಮತಟ್ಟು ಜಾಗ ಬೇರೆ ಎಲ್ಲಿ ಸಿಗುತ್ತದೆ? ವಿಮಾನ ಇಳಿಯುವಲ್ಲಿ ಬಂಗುಡೆ, ತಿರುಗುವಲ್ಲಿ ಸಿಗಡಿ, ಮೇಲೆ ಕಾಗೆ, ಗಿಡುಗ. ಕ್ಯಾಪ್ಟನ್ ತಲೆ ಮೇಲೆ ಕೈ ಹೊತ್ತು ನನ್ನನ್ನು ಸಂಧಾನಕ್ಕೆ ಕಳಿಸಿದರು. ಹೋಗಿ ನೋಡಿದರೆ ಆ ಹೆಂಗಸರ ಮುಂದಾಳು ಯಾರು? ನಾನು ಮರವಂತೆ ತೋರಿಸುತ್ತಿದ್ದವಳೇ.

"ನೀವಾ ಕಂಡಕ್ಟ್ರೇ! ಇಲ್ಲಿಗೂ ಬಂದ್ರಿಯಾ? ನಿಮ್ ವಿಮಾನ ದಿನಕ್ಕೆ ಎಷ್ಟ್ ಸಲ ಇಳಿತ್ತ್?"

"ನಾಕ್ ಸಲ."

"ಬಿಸ್ಲ್ ಇಡೀ ದಿನ ಇತ್ತಲೆ. ನಾಕ್ ಸಲಕ್ಕೆ ನಾವ್ ಎದ್ದ್ ಹೋಪುದಾ?"

ಕೊನೆಗೆ ಮೀನು ಪಟ್ಟಿಯ ಅಂಚಿಗೆ, ವಿಮಾನ ನಡುವಿಗೆ ಎಂದು ರಾಜಿಯಾಯಿತು. ಆಕೆಯ ಜೊತೆ ಬುಟ್ಟಿ ಹಿಡಿದು ಬರುತ್ತಿದ್ದ ಮಗಳೊಬ್ಬಳಿದ್ದಳು, ಕಾಲೇಜು ಮುಗಿಸಿದವಳು. ಮೀನು ಮಗುಚಿ ಹಾಕುತ್ತ ಕಣ್ಣು ವಿಮಾನದ ಮೇಲೆಯೇ. ಒಂದು ದಿನ ನೇರ ಬಂದು, "ಮಾವ, ಹೆಣ್ಮಕ್ಳಿಗೂ ಕಲಿಸ್ತ್ರಾ?" ಎಂದು ಕೇಳಿದಳು. ಅಪ್ಪ ಬೋಟಿನವನು, ಮುಂಬಯಿಯಲ್ಲಿ ಒಬ್ಬ ಸೋದರಮಾವ. ಎಲ್ಲರೂ ಸೇರಿ ಹೇಗೋ ಅವಳನ್ನು ಶಾಲೆಗೆ ಸೇರಿಸಿದರು. ಕಲಿಯುವವರಲ್ಲಿ ನಮ್ಮ ಕಡೆಯವಳು ಅವಳೊಬ್ಬಳೇ.

ಆ ಮಳೆಗಾಲದಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಹರಿದುಹೋಯಿತು. ಹೊಸದಕ್ಕೆ ಮೇಲಿನ ಆಫೀಸಿಗೆ ಬರೆದು ಬರೆದು ಕ್ಯಾಪ್ಟನ್ ಸೋತರು. ಒಂದು ಚೀಲ ಕಳಿಸಲಾಗದವರು ಶಾಲೆ ಎಷ್ಟು ದಿನ ನಡೆಸುತ್ತಾರೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕ್ಯಾಪ್ಟನ್ ಹೊರಡುವ ಹೊತ್ತಿಗೆ ಹುಡುಗಿಯ ತಾಯಿ ಒಂದು ಹಿಡಿ ಒಣ ಸಿಗಡಿ ಮೇಲೆ ತೂರಿ ನೋಡಿ, "ಗಾಳಿ ಈಗ ತಿರ್ಗತ್ತ್. ಒಂದ್ ಚಾ ಕುಡ್ಕಂಡ್ ಹೋಯ್ಲಿ ಅಂದ್ ಹೇಳಿ ಅವ್ರಿಗೆ" ಅಂದಳು. ಕ್ಯಾಪ್ಟನ್ ನಕ್ಕು ಹೊರಟರು. ಹತ್ತೇ ನಿಮಿಷಕ್ಕೆ ಗಾಳಿ ತಿರುಗಿತು. ಅವರು ಮೂರು ಸಲ ಸುತ್ತು ಹೊಡೆದು, ಬೆವತು ಇಳಿದರು. ಆಮೇಲೆ ದಿನಾ ಅವಳನ್ನು ಕೇಳದೆ ವಿಮಾನ ಹೊರಡುತ್ತಿರಲಿಲ್ಲ.

ಒಂದು ದಿನ ಮೇಲಿನ ಆಫೀಸಿನಿಂದ ಫೋನು, ಇವತ್ತು ಯಾಕೆ ಒಂದೂ ಹಾರಾಟ ಇಲ್ಲ ಎಂದು. ಕ್ಯಾಪ್ಟನ್ ಗಂಭೀರವಾಗಿ ಹೇಳಿದರು: "ಹವಾಮಾನ ಇಲಾಖೆ ಶಂಕರನಾರಾಯಣ ಊರಿಗೆ ಮದುವೆಗೆ ಹೋಗಿದೆ."

ನಾಲ್ಕನೆಯ ಲಿಂಬೆಹಣ್ಣು

ಆಯುಧಪೂಜೆಗೆ ರನ್‌ವೇ ಮೇಲೆ ಕುಂಬಳಕಾಯಿ ಒಡೆಯುವುದಕ್ಕೆ ಕ್ಯಾಪ್ಟನ್ ಒಪ್ಪಲೇ ಇಲ್ಲ. ಚೂರು ಹಾರಿ ಇಂಜಿನ್ನಿಗೆ ಬಡಿದರೆ ಯಾರು ಹೊಣೆ ಎಂದರು. ಲಿಂಬೆಹಣ್ಣಾದರೂ ಇಡೋಣ ಎಂದು ತಾಯಿ ಹಟ ಹಿಡಿದಳು. ಬಸ್ಸಿನ ಅಭ್ಯಾಸದಲ್ಲಿ ನಾನು ನಾಲ್ಕು ತಂದಿದ್ದೆ. ವಿಮಾನಕ್ಕೆ ಮೂರೇ ಚಕ್ರ. ನಾಲ್ಕನೆಯದನ್ನು ಏನು ಮಾಡುವುದು ಎಂದು ಎಲ್ಲರೂ ಚರ್ಚೆಗೆ ನಿಂತೆವು. ತಾಯಿ ಮಾತ್ರ ಸುಮ್ಮನೆ ಹೋಗಿ ಅದನ್ನು ಕ್ಯಾಪ್ಟನ್ನರ ಬಲಗಾಲಿನ ಬೂಟಿನ ಮುಂದಿಟ್ಟು ಕೈಮುಗಿದಳು. ಕ್ಯಾಪ್ಟನ್ ಆಚೆ ಈಚೆ ನೋಡಿ, ಸೆಲ್ಯೂಟ್ ಹೊಡೆದು, ಪಚಕ್ಕನೆ ಮೆಟ್ಟಿದರು.

ಸರಿಯಾದ ಟೈಮಿಗೆ ಒಂದು ಸೀಟಿ

ಇದು ನಗುವ ಸಂಗತಿ ಹೌದೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ.

ವಿಮಾನ ಕಲಿಯುವವರು ಎಷ್ಟು ತಿಂಗಳು ಹಾರಿದರೂ ಪಕ್ಕದಲ್ಲಿ ಕಲಿಸುವವರು ಇದ್ದೇ ಇರುತ್ತಾರೆ. ಒಬ್ಬರೇ ಹಾರಿ ಒಬ್ಬರೇ ಇಳಿಯುವ ದಿನ ದೊಡ್ಡ ದಿನ. ಇಳಿದ ಕೂಡಲೇ ತಲೆಗೆ ಒಂದು ಬಕೆಟ್ ನೀರು ಸುರಿಯುವುದು ಪದ್ಧತಿಯಂತೆ. ನಮ್ಮ ಹುಡುಗಿಯ ಆ ದಿನ ಬಂತು. ಅವತ್ತು ಶನಿವಾರ. ಆಕಾಶ ತೊಳೆದಿಟ್ಟ ಹಾಗಿತ್ತು. ಕ್ಯಾಪ್ಟನ್ ವಿಮಾನದಿಂದ ಇಳಿದು, "ಈಗಲೇ ಒಬ್ಬಳೇ ಕಳಿಸಿಬಿಡಲಾ?" ಎಂದರು. ಹುಡುಗಿ ಬೆಲ್ಟು ಬಿಗಿದು ಕೂತಿದ್ದಳು, ನನ್ನ ಎರಡು ಸೀಟಿಗೆ ಕಾಯುತ್ತ.

ನಾನು ಒಂದು ಸೀಟಿ ಊದಿದೆ.

"ಸಾರ್, ಶನಿವಾರ ಬೇಡ. ಮನೆಯವರೂ ನೋಡಬೇಕಲ್ಲ. ಸೋಮವಾರ ಇಟ್ಟುಕೊಳ್ಳಿ" ಎಂದೆ. ಕ್ಯಾಪ್ಟನ್ ಒಪ್ಪಿದರು. ಹುಡುಗಿಯೂ ನಕ್ಕು ಇಳಿದಳು. ಜನ್ಮದಲ್ಲಿ ಒಂದೇ ಒಂದು ಸಲ ಒಂದು ಸೀಟಿಯನ್ನು ಸರಿಯಾದ ಟೈಮಿಗೆ ಊದಿದ್ದೆ.

ಸೋಮವಾರ ಬೆಳಿಗ್ಗೆ ಬಂದರೆ ಗೇಟಿಗೆ ಒಂದು ಕಾಗದ. ಅನಿವಾರ್ಯ ಕಾರಣಗಳಿಂದ ಶಾಲೆಯನ್ನು ಮುಚ್ಚಲಾಗಿದೆ. ಕೆಳಗೆ ಒಂದು ಸಹಿ, ಯಾರದ್ದೋ. ಕ್ಯಾಪ್ಟನ್ನರಿಗೆ ಫೋನು ಮಾಡಿದೆ. ಅವರು ರೈಲಿನಲ್ಲಿದ್ದರು. ಅವರಿಗೂ ಭಾನುವಾರ ಮಧ್ಯಾಹ್ನವೇ ಗೊತ್ತಾದದ್ದು, ಮೇಲಿನ ಆಫೀಸಿನವರು ಕೂಡಲೇ ಹೊರಡಿ ಎಂದಿದ್ದರಂತೆ. "ಶನಿವಾರವೇ ಕಳಿಸಿಬಿಡಬೇಕಿತ್ತು" ಎಂದು ಮಾತ್ರ ಅಂದರು.

ಅಷ್ಟರಲ್ಲಿ ಟೆಂಪೋ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹುಡುಗಿ, ಹೊಸ ಸೀರೆಯಲ್ಲಿ ಅಜ್ಜಿ, ಇಡೀ ಕುಟುಂಬ, ಲಾಡಿನ ಡಬ್ಬಿ, ತಲೆಗೆ ಸುರಿಯಲು ಒಂದು ಬಕೆಟ್ ನೀರು. ಕಾಗದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ಗೇಟಿನ ಸರಳು ಹಿಡಿದು ವಿಮಾನ ನೋಡುತ್ತ ನಿಂತಳು. ಅಜ್ಜಿ ಮಾತ್ರ, "ಸೋಮಾರ ಆತಿಲ್ಲೆ ಅಂದ್ರೆ ಮಂಗ್ಳಾರ ಹಾರ್ಲಿ. ನಾವ್ ಇಲ್ಲೇ ಕೂಕಂಬ" ಎಂದು ನೆಲ ಗುಡಿಸಿ ಕೂತೇಬಿಟ್ಟರು.

"ಬೀಗದ ಕೈ ಯಾರತ್ರ ಇತ್ತ್?" ಎಂದಳು ತಾಯಿ.

"ನನ್ ಹತ್ರವೇ. ಆದ್ರೆ ನೋಟೀಸ್ ಇತ್ತಲೆ ಮಾರಾಯ್ತಿ, ತೆಗುಕೆ ಆತಿಲ್ಲೆ."

ತಾಯಿ ಬಕೆಟ್ ಎತ್ತಿ ಅಷ್ಟೂ ನೀರನ್ನು ಆ ಕಾಗದದ ಮೇಲೆ ಎರಚಿದಳು. ಶಾಯಿ ಇಳಿಯಿತು, ಸಹಿ ಇಳಿಯಿತು, ಕಾಗದವೂ ಮುದ್ದೆಯಾಗಿ ಕೆಳಗೆ ಬಿತ್ತು.

"ಈಗ ನೋಟೀಸ್ ಎಲ್ಲಿತ್ತ್? ಗೇಟ್ ತೆಗಿನಿ, ಕಂಡಕ್ಟ್ರೇ."

ಸಿಗಡಿ ಹಾರಿದ ದಿನ

ಗೇಟು ತೆಗೆದೆ, ಆದರೆ ಕ್ಯಾಪ್ಟನ್ನರಿಲ್ಲದೆ ವಿಮಾನ ಏರಲಿಲ್ಲ. ಆಮೇಲೂ ನಾನು ದಿನಾ ಬ್ರಹ್ಮಾವರದಿಂದ ಬಸ್ಸು ಹತ್ತಿ ಬರುತ್ತಿದ್ದೆ. ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಹಳೆಯ ಬಸ್ಸಿನವರು, "ಹ್ವಾಯ್, ನಿಮ್ ವಿಮಾನ ಇವತ್ತ್ ಎಷ್ಟ್ ನಿಮಿಷ ಲೇಟ್?" ಎಂದು ಚುಡಾಯಿಸುತ್ತಿದ್ದರು. ಕಲಿಯುತ್ತಿದ್ದ ಬೇರೆಯವರು ದೂರದ ಊರಿನ ಶಾಲೆಗಳಿಗೆ ಹೋದರು. ನಮ್ಮ ಹುಡುಗಿ ತಾಯಿಯ ಜೊತೆ ಮೀನು ಮಾರಲು ಹೋಗತೊಡಗಿದಳು. ಉಳಿದ ಹೆಂಗಸರು ಮೀನಿನ ಚಾಪೆಯನ್ನು ರನ್‌ವೇ ನಡುವಿಗೆ ತಂದು ಹಾಸಿದರು. ತಾಯಿ ಮಾತ್ರ ಎರಡು ತಿಂಗಳು ಅಂಚಿನಲ್ಲೇ ಹಾಸಿದಳು, ಯಾವುದೋ ವಿಮಾನ ಬರಲಿಕ್ಕಿದೆ ಎನ್ನುವ ಹಾಗೆ. ಅವಳೂ ನಡುವಿಗೆ ಬಂದ ದಿನ ನನಗೆ ತುಂಬ ಬೇಸರವಾಯಿತು.

ಅದೇ ವಾರ ಲಾರಿ ಬಂತು, ವಿಮಾನ ಒಯ್ಯಲು. ಜೊತೆಗೆ ಒಬ್ಬ ಮೆಕ್ಯಾನಿಕ್. ಶೆಡ್ಡು ಪಟ್ಟಿಯ ಈ ತುದಿಗೆ, ಗೇಟು ಆ ತುದಿಗೆ. ಗೇಟು ಕಿರಿದು, ಲಾರಿ ಒಳಗೆ ಬಾರದು. ವಿಮಾನವನ್ನೇ ಅಲ್ಲಿಗೆ ಒಯ್ದು, ಬಿಚ್ಚಿ ಹೇರಬೇಕು. ಅಷ್ಟು ದೂರ ವಿಮಾನ ತಳ್ಳುವವರು ಯಾರು?

"ಓಡಿಸಿಕೊಂಡು ಹೋಗಬಹುದಲ್ಲ?" ಎಂದೆ.

"ನಾನು ಬಿಚ್ಚುವವನು, ಓಡಿಸುವವನಲ್ಲ" ಎಂದ ಮೆಕ್ಯಾನಿಕ್.

ಸಿಗಡಿ ಮಗುಚುತ್ತಿದ್ದ ಹುಡುಗಿ ಕೈ ಒರೆಸಿಕೊಂಡು ಎದ್ದು ಬಂದಳು. "ನಾನ್ ತಕಂಡ್ ಹೋತೆ ಮಾವ."

ಮೆಕ್ಯಾನಿಕ್ ನೂರು ಸಲ ಹೇಳಿದ: ನಡೆಯುವ ವೇಗದಲ್ಲಿ ಹೋಗಬೇಕು, ನೆಲ ಬಿಡಬಾರದು. ವೇಗ ಹೆಚ್ಚಿದರೆ ಸೀಟಿ ಊದಿ ನಿಲ್ಲಿಸು ಎಂದು ನನಗೂ ತಾಕೀತು ಮಾಡಿದ. ಹೆಂಗಸರು ಚಾಪೆಗಳನ್ನು ಅಂಚಿಗೆ ಎಳೆದರು. ಹುಡುಗಿ ಹತ್ತಿ ಕೂತಳು. ಪಕ್ಕದ ಸೀಟು ಖಾಲಿ. ಇಂಜಿನ್ ಶುರುವಾದರೂ ಹೊರಡಲಿಲ್ಲ, ತಿರುಗಿ ನನ್ನ ಕಡೆ ನೋಡಿದಳು. ನಾನು ಎರಡು ಪೆಟ್ಟು ತಟ್ಟಿ, ಎರಡು ಸೀಟಿ ಊದಿ, "ಹೋಯ್, ರೈಟ್!" ಅಂದೆ.

ಮೊದಲು ನಿಧಾನ ಹೋದಳು. ಅರ್ಧ ದಾರಿಗೆ ಸದ್ದು ಏರಿತು.

"ಸೀಟಿ ಊದು! ಊದು ಮಾರಾಯ!" ಎಂದು ಮೆಕ್ಯಾನಿಕ್ ಕುಣಿದ.

ಸೀಟಿ ಬಾಯಲ್ಲೇ ಇತ್ತು. ಉಸಿರೂ ಇತ್ತು. ನಾನು ಊದಲಿಲ್ಲ. ಶನಿವಾರ ಊದಿದ್ದು ಸಾಕಾಗಿತ್ತು. ಹೋಗಲಿ, ಹಾರಲಿ, ಆಮೇಲೆ ಏನಾದರೂ ಆಗಲಿ ಅನ್ನಿಸಿತು. ಮುಂದಿನ ಚಕ್ರ ನೆಲ ಬಿಟ್ಟು ಒಂದು ಗೇಣು ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಮರುಕ್ಷಣ ಸದ್ದು ಇಳಿಯಿತು, ಚಕ್ರವೂ ಇಳಿಯಿತು. ಲಾರಿಯ ಮುಂದೆ, ಹಳದಿ ಗೆರೆಯ ಮೇಲೆ, ಕ್ಯಾಪ್ಟನ್ ಕಲಿಸಿದ ಹಾಗೆ ನಿಲ್ಲಿಸಿದಳು. ಯಾರೂ ಹೇಳದೆ, ಅವಳೇ.

ನಾನು ಮಂಡಿ ಹಿಡಿದುಕೊಂಡು ಓಡಿದೆ. ಅಂಚಿನಲ್ಲಿದ್ದ ಒಣ ಸಿಗಡಿ ವಿಮಾನದ ಗಾಳಿಗೆ ಎದ್ದು ಗುಡ್ಡದ ಮೇಲೆಲ್ಲ ಚೆಲ್ಲಿತ್ತು. ತಾಯಿಯ ಮುಡಿ, ಸೆರಗು ಎಲ್ಲ ಸಿಗಡಿ.

"ವಿಮಾನ ಹಾರ್ಲಿಲ್ಲೆ, ನನ್ ಸಿಗಡಿ ಹಾರ್ತ್!" ಎಂದು ಬೊಬ್ಬೆ ಹಾಕುತ್ತ ಬಂದವಳು, ಇಳಿದು ನಿಂತ ಮಗಳ ಮುಖ ಕಂಡು ಹತ್ತಿರ ಹೋದಳು. ನೀರಿನ ಬಕೆಟ್ ಇರಲಿಲ್ಲ. ಸೆರಗಿನಲ್ಲಿ ಸಿಕ್ಕಿದ್ದ ಸಿಗಡಿಯನ್ನೇ ಬೊಗಸೆಯಲ್ಲಿ ಬಾಚಿ ಮಗಳ ತಲೆಗೆ ಸುರಿದಳು. ಹುಡುಗಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಮಾವ, ನೀವ್ ಒಂದ್ ಸೀಟಿ ಹಾಕ್ಲೇ ಇಲ್ಲೆ, ಎಂತಕ್ಕೆ?"

ನಾನು ಸೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ತಾಯಿಯೇ ಮಗಳ ಕೂದಲಿನಿಂದ ಸಿಗಡಿ ಹೆಕ್ಕುತ್ತ ಹೇಳಿದಳು:

"ನಾನ್ ತ್ರಾಸಿಯಗೆ ಇಳಿತೆ ಅಂದ್ ಮೂವತ್ತ್ ವರ್ಷ ಬೊಬ್ಬಿ ಹೊಡ್ದ್ರೂ ಸೀಟಿ ಹಾಕದೆ ಮರವಂತೆ ಮುಟ್ಸ್ದ ಜನ ಇವ್ರ್, ಮಗ. ನಿನ್ನನ್ನ್ ನಿಲ್ಸ್ತ್ರಾ?"