ಬಾಯಿ ಮುಚ್ಚುವ ಕಾಮಗಾರಿ

ಮತ್ತೆ ಎದ್ದು ಹೋಗಿ ಬಂದೆ. ಒಂದೇ ಒಂದು ವಾಕ್ಯ ಬರೆಯೋಣವೆಂದು ಬೆಳಗಿನಿಂದ ಕೂತಿದ್ದೇನೆ. ಪೆನ್ನಿನ ಕ್ಯಾಪು ತೆಗೆದ ಕೂಡಲೇ ಯಾರಾದರೊಬ್ಬರು ಫೋನು ನೋಡಿಕೊಂಡು ಸೈಕಲ್ಲಿನಲ್ಲಿ ಬರುತ್ತಾರೆ, ನಾನು ಎದ್ದು ಕೆಂಪು ಬಟ್ಟೆ ಬೀಸಬೇಕಾಗುತ್ತದೆ. ಬರೆಯಲು ಬಿಡದ ವಾಕ್ಯ ಇದು: ನಮ್ಮ ಮನೆ ಮುಂದಿನ ಚರಂಡಿ ಗುಂಡಿಗೆ ಬಾಯಿ ಇದೆ, ಮುಚ್ಚಳ ಇಲ್ಲ.

ಮೊದಲು ಇತ್ತು. ಕಬ್ಬಿಣದ್ದು, ದುಂಡಗೆ, ಭಾರವಾಗಿತ್ತು. ಅದು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಪುರಸಭೆ ಕಚೇರಿಯವರು ಗಾಡಿಯಲ್ಲಿ ಹೇರಿಕೊಂಡು ಹೋದರು. ಪರೀಕ್ಷೆಯಲ್ಲಿ ಮುಚ್ಚಳ ಪಾಸಾಯಿತು. ಅಷ್ಟು ಒಳ್ಳೆಯ ಮುಚ್ಚಳವನ್ನು ರಸ್ತೆಯಲ್ಲಿ ಹಾಕಿ ಹಾಳು ಮಾಡುವುದು ಬೇಡವೆಂದು ಅದನ್ನು ಉಗ್ರಾಣದಲ್ಲಿ ಮಾದರಿಗಾಗಿ ಇಟ್ಟುಕೊಂಡಿದ್ದಾರೆ.

ನನ್ನ ಮಗಳಿಗೆ ಆಗ ತಾನೇ ಓಡುವುದು ಬಂದಿತ್ತು, ನಿಲ್ಲುವುದು ಬಂದಿರಲಿಲ್ಲ. ಒಂದು ಮಧ್ಯಾಹ್ನ ನಾನು ಬಕೆಟ್ಟು ಕೆಳಗಿಡುವಷ್ಟರಲ್ಲಿ ಹೊಸಿಲು ದಾಟಿ ಓಡಿದಳು. ಗುಂಡಿಯ ಅಂಚಿನಲ್ಲಿ ಅವಳ ಫ್ರಾಕು ನನ್ನ ಕೈಗೆ ಸಿಕ್ಕಿತು. ಎಡಗಾಲಿನ ಚಪ್ಪಲಿ ಸಿಗಲಿಲ್ಲ. ಅದು ಒಳಗೆ ಬಿದ್ದ ಸದ್ದಿಗಾಗಿ ನಾನು ಬಹಳ ಹೊತ್ತು ಕಿವಿಗೊಟ್ಟೆ. ಕೇಳಿಸಲಿಲ್ಲ.

ಅವತ್ತೇ ಹಳೆಯ ಬಾಗಿಲೊಂದನ್ನು ಎಳೆದು ತಂದು ಗುಂಡಿಯ ಮೇಲೆ ಹಾಕಿದೆ. ಮಾರನೆಯ ದಿನ ಕಚೇರಿಯವರು ಬಂದು ಅದನ್ನು ತೆಗೆದುಕೊಂಡು ಹೋದರು. ಅನಧಿಕೃತ ಮುಚ್ಚಳವಂತೆ. ಮುಚ್ಚಳ ತೆಗೆಯಲು ನಮ್ಮ ಬೀದಿಗೆ ಅವರು ಇಷ್ಟು ಬೇಗ ಬರಬಲ್ಲರು ಎಂಬುದು ಆಗ ಗೊತ್ತಾಯಿತು.

ಉಳಿದ ಬಲಗಾಲಿನ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರನ್ನು ಊರೆಲ್ಲ ‘ನೋಡೋಣ ಸಾರ್’ ಎನ್ನುತ್ತದೆ. ಅವರು ಚಪ್ಪಲಿ ನೋಡಿದರು.

“ಮಗು ಬಿದ್ದಿದೆಯಾ?”

“ಇಲ್ಲ ಸಾರ್, ಚಪ್ಪಲಿ ಬಿದ್ದಿದೆ.”

“ಹಾಗಾದ್ರೆ ತುರ್ತು ಅಲ್ಲ, ಸಾಮಾನ್ಯ.”

“ಮಗು ಬಿದ್ದ ಮೇಲೆ ಬರಬೇಕಿತ್ತಾ?”

“ಛೆ, ಹಾಗೆಲ್ಲ ಮಾತಾಡಬೇಡಿ ಅಮ್ಮ. ಮಕ್ಕಳು ಅಂದ್ರೆ ನಮ್ಮ ಕಚೇರಿಗೆ ಪ್ರಾಣ. ಬಿದ್ದ ತಕ್ಷಣ ಬನ್ನಿ.”

ಆಮೇಲೆ ದನಿ ತಗ್ಗಿಸಿ ಹೊಸ ನೀತಿಯನ್ನು ವಿವರಿಸಿದರು. ಇದುವರೆಗೆ ಕಚೇರಿಯು ಜನರನ್ನು ಕೇಳದೆಯೇ ಕೆಲಸಗಳನ್ನು ಮಾಡದೆ ಬಿಡುತ್ತಿತ್ತು. ಇದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲವೆಂದು ಮೇಲಿನವರಿಗೆ ಅನ್ನಿಸಿದೆ. ಇನ್ನು ಮುಂದೆ ಎಲ್ಲವನ್ನೂ ಜನರನ್ನು ಕೇಳಿಯೇ ಮಾಡದೆ ಬಿಡಲಾಗುವುದು. ಅದಕ್ಕಾಗಿ ‘ನಾಗರಿಕ ಸಹಭಾಗಿತ್ವ ಸಭೆ’ ಕರೆದಿದ್ದಾರೆ.

ಸಭೆ ಕಚೇರಿಯ ಮಹಡಿಯ ಮೇಲೆ ನಡೆಯಿತು. ಕುರ್ಚಿಗಳ ಮೇಲೆ ಫೈಲುಗಳು ಕೂತಿದ್ದರಿಂದ ನಾವು ನಿಂತೆವು. ಬೀದಿಯ ಕ್ಷೌರದಂಗಡಿಯವರು, ಟೈಲರಕ್ಕ, ನಿವೃತ್ತ ಮೇಷ್ಟ್ರು, ನಾನು, ನನ್ನ ಅತ್ತೆ. ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದೆ. ದೊಡ್ಡ ಸಾಹೇಬರು ಬಂದು, “ಮುಕ್ತವಾಗಿ ಮಾತಾಡಿ. ಇದು ನಿಮ್ಮದೇ ಕಚೇರಿ,” ಎಂದರು. ನಮ್ಮದೇ ಎಂದಮೇಲೆ ಮೇಷ್ಟ್ರು ಒಂದು ಕುರ್ಚಿಯ ಫೈಲು ಸರಿಸಲು ಹೋದರು. ಅದು ಮಾತ್ರ ಆಗುವುದಿಲ್ಲವೆಂದರು ಸಾಹೇಬರು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಇರುವುದು ಒಂದೇ ತೆರೆದ ಗುಂಡಿ. ಅದರ ಬಗ್ಗೆ ಆಡಿ ಆಡಿ ‘ಗುಂಡಿಯ’ ಎನ್ನುವ ಪದವನ್ನು ನಾವು ಯಾವತ್ತೋ ಬಿಟ್ಟಿದ್ದೆವು. ‘ಬಾಯಿ ಹತ್ರ ಹುಷಾರು’ ಎಂದರೆ ಚಿಕ್ಕ ಮಕ್ಕಳಿಗೂ ಅರ್ಥವಾಗುತ್ತಿತ್ತು. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಷಷ್ಠೀ ವಿಭಕ್ತಿ ಪರೀಕ್ಷೆಗೆ ಮಾತ್ರ ಬೇಕಾದದ್ದು ಎಂದುಕೊಂಡಿದ್ದೆ.

ಏಳುವ ಕೆಲಸ ಹೇಗೂ ಇರಲಿಲ್ಲ, ಎಲ್ಲರಿಗಿಂತ ಮೊದಲು ನಾನೇ ಹೇಳಿದೆ: “ಸಾರ್, ನಮ್ಮ ಬೀದಿದು ಒಂದೇ ಬೇಡಿಕೆ. ಬಾಯಿ ಮುಚ್ಚಿಸಿ.”

“ಹೌದು, ಮೊದಲು ಬಾಯಿ ಮುಚ್ಚಲಿ,” ಎಂದರು ಕ್ಷೌರದಂಗಡಿಯವರು.

“ಎಷ್ಟು ವರ್ಷ ಅಂತ ಬಾಯಿ ತೆರೆದು ಬಿಡೋದು? ಮಕ್ಕಳಿರೋ ಜಾಗ,” ಎಂದಳು ಟೈಲರಕ್ಕ.

“ಶಾಶ್ವತವಾಗಿ ಮುಚ್ಚಬೇಕು,” ಎಂದರು ಮೇಷ್ಟ್ರು.

ಸಾಹೇಬರ ಕಣ್ಣು ಒದ್ದೆಯಾಯಿತು. ಇಷ್ಟು ತಿಳಿವಳಿಕೆಯುಳ್ಳ ನಾಗರಿಕರನ್ನು ತಮ್ಮ ಸೇವಾವಧಿಯಲ್ಲೇ ಕಂಡಿಲ್ಲವೆಂದರು. ‘ನೋಡೋಣ ಸಾರ್’ ಎಲ್ಲವನ್ನೂ ಬರೆದುಕೊಂಡರು.

ವಾರ ಕಳೆಯುವುದರೊಳಗೆ ಬೀದಿಯ ಗೋಡೆಗೆ ಪ್ರಕಟಣೆ ಅಂಟಿಸಿದರು. “ಸದರಿ ಬೀದಿಯ ನಾಗರಿಕರು ತಮ್ಮ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸುವಂತೆ ಸರ್ವಾನುಮತದಿಂದ ಕೋರಿರುವ ಹಿನ್ನೆಲೆಯಲ್ಲಿ, ಜನಾಭಿಪ್ರಾಯವನ್ನು ಗೌರವಿಸಿ, ಮುಂದಿನ ಎಲ್ಲ ಸಹಭಾಗಿತ್ವ ಸಭೆಗಳಲ್ಲಿ ನಾಗರಿಕರು ಬಾಯಿ ಮುಚ್ಚಿಕೊಂಡು ಸಕ್ರಿಯವಾಗಿ ಭಾಗವಹಿಸತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ.”

ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. “ನೀನು ಈ ಮನೆಗೆ ಬಂದಾಗಿನಿಂದ ನಾನು ಬಾಯಲ್ಲಿ ಹೇಳ್ತಾನೇ ಇದ್ದೆ, ಕೇಳಲಿಲ್ಲ. ಈಗ ನೋಡು, ಮುದ್ರೆ ಒತ್ತಿ ಕಳಿಸಿದ್ದಾರೆ,” ಎಂದರು.

ಮತ್ತೆ ಕಚೇರಿಗೆ, ‘ನೋಡೋಣ ಸಾರ್’ ಬಳಿಗೆ ಓಡಿದೆ. “ಸಾರ್, ನಾವು ಹೇಳಿದ್ದು ಗುಂಡಿ ಬಾಯಿ.”

“ಇರಬಹುದಮ್ಮ. ಆದರೆ ನಿರ್ಣಯ ಆಗಿಹೋಗಿದೆ. ತಿದ್ದುಪಡಿ ಬೇಕಾದ್ರೆ ಸಭೆಯಲ್ಲೇ ಬಾಯಿ ಬಿಟ್ಟು ಹೇಳಬೇಕು.”

“ಸಭೆಯಲ್ಲಿ ಬಾಯಿ ಬಿಡೋ ಹಾಗಿಲ್ವಲ್ಲ.”

“ಹೌದಲ್ವಾ,” ಎಂದು ಅವರು ನನಗಿಂತ ಹೆಚ್ಚು ನೊಂದುಕೊಂಡರು.

“ಬರೆದು ಕೊಡಲಾ?”

“ಬರೆದು ಕೊಟ್ರೆ ಅದು ದೂರಾಗುತ್ತೆ, ಭಾಗವಹಿಸಿದ ಹಾಗಾಗಲ್ಲ. ದೂರು ತಗೊಳ್ಳೋ ವಿಭಾಗವನ್ನ ಸಹಭಾಗಿತ್ವ ಬಂದ ಮೇಲೆ ತೆಗೆದುಬಿಟ್ರು.” ಸ್ವಲ್ಪ ಯೋಚಿಸಿ ಸೇರಿಸಿದರು: “ಸಭೆಗೆ ಬನ್ನಿ. ನೋಡೋಣ.”

ಎರಡನೆಯ ಸಭೆಯಲ್ಲಿ ಬಾಗಿಲಿನಲ್ಲೇ ಎಲ್ಲರಿಗೂ ಬಾಯಿಗೆ ಕಟ್ಟಿಕೊಳ್ಳುವ ಬಟ್ಟೆ ಹಂಚಿದರು. ಅದರ ಮೇಲೆ ‘ನಿಮ್ಮ ದನಿಯೇ ನಮ್ಮ ದಾರಿ’ ಎಂದು ಚಂದವಾಗಿ ಅಚ್ಚು ಹಾಕಿಸಿದ್ದರು. ಸಭೆ ಬಹಳ ಶಿಸ್ತಾಗಿ ನಡೆಯಿತು. ಸಾಹೇಬರು ಒಂದೊಂದು ವಿಷಯ ಓದುವರು, “ಆಕ್ಷೇಪಣೆ ಇದ್ದವರು ದಯವಿಟ್ಟು ಹೇಳಿ,” ಎಂದು ಧಾರಾಳವಾಗಿ ಕಾಯುವರು, ಯಾರೂ ಏನೂ ಹೇಳದ್ದನ್ನು ಕಂಡು ಸಂತೋಷಪಟ್ಟು ಮುಂದಿನ ವಿಷಯಕ್ಕೆ ಹೋಗುವರು. ಮೇಷ್ಟ್ರು ಒಮ್ಮೆ ಕೆಮ್ಮಿದರು. ಅದನ್ನು ‘ನೋಡೋಣ ಸಾರ್’ ಅನುಮೋದನೆ ಎಂದು ಬರೆದುಕೊಂಡರು.

ಕೊನೆಗೆ ನನಗೆ ತಡೆಯಲಾಗಲಿಲ್ಲ. ಮಾತಾಡಬಾರದು ನಿಜ, ಆದರೆ ತೋರಿಸಬಾರದು ಎಂದೇನೂ ಇಲ್ಲವಲ್ಲ. ಚೀಲದಿಂದ ಮಗಳ ಚಪ್ಪಲಿ ತೆಗೆದು, ಎಲ್ಲರಿಗೂ ಕಾಣುವಂತೆ ಕೈ ಎತ್ತಿ ಹಿಡಿದೆ.

ಸಾಹೇಬರು ಆಗಷ್ಟೇ ಓದಿದ್ದ ವಿಷಯ ಹೀಗಿತ್ತು: ‘ಮುಚ್ಚಳ ಲಭ್ಯವಾಗುವವರೆಗೆ ಗುಂಡಿಯ ಬಳಿ ಮುಚ್ಚಳದ ಕರ್ತವ್ಯ ನಿರ್ವಹಿಸಲು ಸ್ವಇಚ್ಛೆಯಿಂದ ಮುಂದೆ ಬರುವವರು ಕೈ ಎತ್ತುವುದು.’

ಚಪ್ಪಾಳೆ ಬಿತ್ತು. ಚಪ್ಪಲಿಯನ್ನು ಯಾರೂ ಗಮನಿಸಲಿಲ್ಲ. ಎತ್ತಿದ ಕೈಯನ್ನು ಗಮನಿಸಿದರು.

ಅಂದಿನಿಂದ ನಾನು ನಾಗರಿಕ ಮುಚ್ಚಳ. ಇದು ಹುದ್ದೆಯ ಹೆಸರು. ಕತ್ತಿಗೆ ಹಾಕಿಕೊಳ್ಳಲು ಫೋಟೋ ಇರುವ ಕಾರ್ಡು ಕೊಟ್ಟಿದ್ದಾರೆ. ಗುಂಡಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿರಬೇಕು, ಜನ ಬಂದಾಗ ಕೆಂಪು ಬಟ್ಟೆ ಬೀಸಬೇಕು. ನಿರ್ಣಯ ಇನ್ನೂ ಜಾರಿಯಲ್ಲಿರುವುದರಿಂದ ಕರ್ತವ್ಯದ ವೇಳೆಯಲ್ಲಿ ಬಾಯಿ ತೆರೆಯುವಂತಿಲ್ಲ. ಮಗಳ ಸೊಂಟಕ್ಕೆ ನನ್ನ ಹಳೆಯ ದುಪಟ್ಟಾ ಸುತ್ತಿ, ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ. ಅದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ. ಈ ಬರಹವನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ, ಅವಳು ಎಳೆದಾಗೆಲ್ಲ ಅಕ್ಷರ ಸೊಟ್ಟಗಾಗುತ್ತದೆ.

ಬೀದಿಗೆ ಈಗ ಅಭ್ಯಾಸವಾಗಿದೆ. ಟೈಲರಕ್ಕ ನನ್ನ ಕೆಂಪು ಬಟ್ಟೆಗೆ ಅಂಚು ಹೊಲಿದು ಕೊಟ್ಟಳು. ಮೇಷ್ಟ್ರು ದಾರಿ ಕೇಳುವವರಿಗೆ “ಮುಚ್ಚಳಮ್ಮನ ಹತ್ತಿರ ಎಡಕ್ಕೆ ತಿರುಗಿ” ಎನ್ನುತ್ತಾರೆ. ಗಂಡ ಕೆಲಸದಿಂದ ಬಂದು, “ಏನೇ ಆಗಲಿ, ಮನೆ ಮುಂದೇ ಕೆಲಸ ಸಿಕ್ತಲ್ಲ,” ಎಂದರು. ಬೇರೆ ಊರುಗಳ ಸಾಹೇಬರು ತಂಡ ಕಟ್ಟಿಕೊಂಡು ಬಂದು ನನ್ನನ್ನು ನೋಡಿ ಹೋಗುತ್ತಾರೆ. ಕಬ್ಬಿಣದ್ದಕ್ಕಿಂತ ಇದು ಉತ್ತಮ, ತುಕ್ಕು ಹಿಡಿಯುವುದಿಲ್ಲ ಎಂದು ಮೊನ್ನೆ ಒಬ್ಬರು ಬರೆದುಕೊಂಡರು. ಅತ್ತೆ ಅವರಿಗೆಲ್ಲ ನೀರು ಕೊಟ್ಟು, “ನಮ್ಮ ಸೊಸೆ,” ಎನ್ನುತ್ತಾರೆ. ಮದುವೆಯಾದ ಮೇಲೆ ಅವರು ಹೆಮ್ಮೆಯಿಂದ ಹಾಗೆ ಹೇಳಿದ್ದು ಇದೇ ಮೊದಲು.

ಈಗ ಮತ್ತೆ ದುಪಟ್ಟಾ ಎಳೆಯುತ್ತಿದ್ದಾಳೆ. ಮಗಳಿಗೆ ಮಾತು ಚೆನ್ನಾಗಿ ಬಂದಿದೆ, ನಿಲ್ಲಿಸುವುದು ಇನ್ನೂ ಬಂದಿಲ್ಲ. ಗುಂಡಿಯೊಳಗೆ ಬಗ್ಗಿ ನೋಡಿದಳು, ನನ್ನ ಬಾಯಿಗೆ ಕಟ್ಟಿದ ಬಟ್ಟೆಯನ್ನು ನೋಡಿದಳು, ಆಮೇಲೆ ಕೇಳಿದಳು:

“ಅಮ್ಮಾ, ಇದು ಯಾವಾಗ್ಲೂ ಬಾಯಿ ತಕ್ಕೊಂಡೇ ಇರತ್ತಲ್ಲ, ಇದಕ್ಕೆ ಯಾರೂ ಬೈಯಲ್ವಾ?”