ಎತ್ತಪ್ಪನ ಬೆನ್ನುನೋವಿನ ಇಲಾಖಾ ವಿಚಾರಣೆ

ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿ ಜುಲೈ ತಿಂಗಳಲ್ಲಿ ಹೊಸದುರ್ಗದ ಗೋಣಿಚೀಲ ನಿಯಂತ್ರಣ ಕಚೇರಿಯ ಸಮಸ್ತ ಸಿಬ್ಬಂದಿಯ ಆರೋಗ್ಯವನ್ನು ಕಾನೂನುಬದ್ಧವಾಗಿ ವಿಚಾರಿಸಲಾಯಿತು. ಆ ಕಚೇರಿಯ ಗುಮಾಸ್ತನಾಗಿ ನಡವಳಿ ಬರೆದವನು ನಾನೇ ಆದ್ದರಿಂದ ಇದರಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ.

ಮೇಲಿನಿಂದ ಸುತ್ತೋಲೆ ಬಂದಿತ್ತು. ಸಿಬ್ಬಂದಿ ಆರೋಗ್ಯವಾಗಿದ್ದರೆ ಇಲಾಖೆಗೂ ಲಾಭ, ನೌಕರರಿಗೂ ಲಾಭ. ಆದಕಾರಣ 'ಪ್ರತಿಯೊಬ್ಬ ನೌಕರನ ಆರೋಗ್ಯ ವಿಚಾರಿಸಿ ವರದಿ ಸಲ್ಲಿಸತಕ್ಕದ್ದು.' ನಮಗೆ ಕನ್ನಡದಲ್ಲಿ ಬಂದ ಮೊದಲ ಸುತ್ತೋಲೆ ಅದು. ಅಲ್ಲಿಯವರೆಗೆ ಎಲ್ಲವೂ ಇಂಗ್ಲಿಷಿನಲ್ಲಿ ಬಂದು, ಅರ್ಥವಾಗದೆ, ನೆಮ್ಮದಿಯಾಗಿದ್ದೆವು. ಸಾಹೇಬರಾದ ಗಂಗಾಧರಪ್ಪನವರು ಎರಡು ಸಲ ಓದಿದರು.

"ವಿಚಾರಿಸಿ ಅಂದ್ರೆ ವಿಚಾರಣೆ ತಾನೇ?"

"ಹೌದು ಸಾರ್," ಎಂದೆ. ಇಪ್ಪತ್ತು ವರ್ಷ ನೌಕರಿ ಮಾಡಿದವನು ಬೇರೇನು ಹೇಳಲಿ?

ಅಂದೇ ಸಾಹೇಬರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಆಯಿತು. ಎಲ್ಲರಿಗೂ ನೋಟಿಸು ಹೋಯಿತು: 'ತಮ್ಮ ಆರೋಗ್ಯದ ಬಗ್ಗೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.' ನೋಟಿಸು ಕೈಗೆ ಬಿದ್ದದ್ದೇ ತಡ, ಸಿಬ್ಬಂದಿಯ ಆರೋಗ್ಯ ಸುಧಾರಿಸತೊಡಗಿತು. ವರ್ಷಗಟ್ಟಲೆ ಕೆಮ್ಮುತ್ತಿದ್ದ ಟೈಪಿಸ್ಟ್ ಜಂಪಣ್ಣ ಅಂದು ಮಧ್ಯಾಹ್ನವೇ ಕೆಮ್ಮು ನಿಲ್ಲಿಸಿದ. ನನ್ನ ಮಂಡಿನೋವಿನ ಸುದ್ದಿಯನ್ನು ನಾನೂ ಎತ್ತಲಿಲ್ಲ.

ಸಿಕ್ಕಿಬಿದ್ದವನು ಜವಾನ ಎತ್ತಪ್ಪ ಒಬ್ಬನೇ. ಹತ್ತೊಂಬತ್ತು ವರ್ಷ ಸಾಹೇಬರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಅವನ ಬೆನ್ನು ಹಿಡಿದುಹೋಗಿತ್ತು. ತನ್ನ ಆರೋಗ್ಯ ಕೇಳುತ್ತಾರೆಂದು ಅವನು ನಿಜವಾಗಿ ಸಂತೋಷಪಟ್ಟಿದ್ದ.

"ಬೆನ್ನು ಭಾಳ ನೋಯ್ತೈತೆ ಸ್ವಾಮಿ. ಒಂದು ಒರಗೋ ಕುರ್ಚಿ ಕೊಡಿಸ್ರಿ, ಪುಣ್ಯ ಬರ್ತೈತೆ."

"ತಪ್ಪೊಪ್ಕೊಂಡಿದಾನೆ, ಬರ್ಕಳ್ರಿ," ಎಂದರು ಸಾಹೇಬರು. "ಎಷ್ಟು ದಿನದಿಂದ?"

"ಆರು ವರ್ಷ ಆತು."

"ಅನುಮತಿ ತಗಂಡಿದ್ಯೇನಪ್ಪ?"

"ಯಾರ್ದು ಸ್ವಾಮಿ?"

"ಅನುಮತಿ ಇಲ್ಲ. ಬರ್ಕಳ್ರಿ."

ಅವನ ಊರು ಮತ್ತೋಡಿನಿಂದ ಹೆಂಡತಿ ಜುಂಜಮ್ಮನನ್ನು ಸಾಕ್ಷಿಗೆ ಕರೆಸಲಾಯಿತು. ನೋವು ಇರುವುದು ದಿಟವೆಂದೂ, ದಿನಾ ತಾನೇ ಹರಳೆಣ್ಣೆ ತಿಕ್ಕುವುದಾಗಿಯೂ ಆಕೆ ಹೇಳಿದಳು. ನೋವಿಗೆ ನೆರವಾದ ಕಾರಣ ಆಕೆಗೂ ಎಚ್ಚರಿಕೆ ನೀಡಲಾಯಿತು.

"ತಿಕ್ಕದಿದ್ರೆ ಏಳಾಕೇ ಆಗಲ್ಲ. ಆಮ್ಯಾಕೆ ನಿಮ್ಮ ಕಚೇರಿ ಬಾಗ್ಲು ಯಾರು ತೆಗೀತಾರೆ?" ಎಂದಳು ಜುಂಜಮ್ಮ.

ಸಾಕ್ಷಿಗೆ ಪ್ರಶ್ನೆ ಕೇಳುವ ಅಧಿಕಾರವಿಲ್ಲವೆಂದು ನಡವಳಿಯಲ್ಲಿ ನಮೂದಿಸಿದೆ. ನನಗೆ ಪಾಪ ಅನ್ನಿಸಿತು. ಅದನ್ನು ಬರೆಯಲು ಕಾಲಂ ಇರಲಿಲ್ಲ.

ಆದೇಶ ಹೊರಟಿತು: 'ಬೆನ್ನುನೋವು ಸಾಬೀತಾಗಿದೆ. ದೀರ್ಘ ಸೇವೆಯನ್ನು ಪರಿಗಣಿಸಿ ಎತ್ತಪ್ಪನನ್ನು ಕ್ಷಮಿಸಿ, ಬೆನ್ನುನೋವನ್ನು ಮಾತ್ರ ಅಮಾನತಿನಲ್ಲಿಡಲಾಗಿದೆ. ಕಚೇರಿ ವೇಳೆಯಲ್ಲಿ ಸದರಿ ನೋವು ಆವರಣವನ್ನು ಪ್ರವೇಶಿಸಕೂಡದು. ನೋವೇ ಒಳಗೆ ಬರುವಂತಿಲ್ಲವಾದ್ದರಿಂದ ಕುರ್ಚಿಯ ಪ್ರಶ್ನೆ ಉದ್ಭವಿಸುವುದಿಲ್ಲ.'

ನೂರಕ್ಕೆ ನೂರು ಆರೋಗ್ಯವಂತ ಕಚೇರಿ ಎಂದು ಚಿತ್ರದುರ್ಗದಲ್ಲಿ ಕರೆದು ಸಾಹೇಬರಿಗೆ ಹಾರ ಹಾಕಿದರು. ಹೊಳಲ್ಕೆರೆ, ಹಿರಿಯೂರಿನ ಕಚೇರಿಗಳವರು ನಮ್ಮ ನೋಟಿಸಿನ ನಕಲು ತರಿಸಿಕೊಂಡರು.

ಎತ್ತಪ್ಪ ಆದೇಶವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಸಂಜೆ ಐದೂವರೆಗೆ ಗೇಟು ದಾಟಿ, ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತು, "ಅಯ್ಯೋ ನಮ್ಮವ್ವಾ" ಅಂತ ನರಳಿ, ಆಮೇಲೆ ಮತ್ತೋಡಿನ ಬಸ್ಸಿಗೆ ನಡೆಯುತ್ತಾನೆ. ನಾವೆಲ್ಲ ಅವನ ಮುಂದೆಯೇ ಹಾದುಹೋಗುತ್ತೇವೆ. ಮಳೆ ಬೆಳೆ ಮಾತಾಡುತ್ತೇವೆ, ಎಲೆ ಅಡಿಕೆ ಕೊಡುತ್ತೇವೆ. ಹೇಗಿದ್ದೀಯಪ್ಪ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅವನ ಮೇಲೆ ನಮಗೆ ಅಷ್ಟು ಪ್ರೀತಿಯಿದೆ.